ಕಾರಣ ಯಾರದು?

ಲ್ಯಾಟಿನ್ನಿನಲ್ಲಿ ‘ಕ್ವಿಯಾ’ ಎಂಬ ಪುಟ್ಟ ಅವ್ಯಯವಿದೆ. ನಮ್ಮ ‘ಏಕೆಂದರೆ’ ಇದ್ದಂತೆ. ‘ನಾನ್ ವೆನಿಟ್ ಕ್ವಿಯಾ ಐಗರ್ ಎಸ್ಟ್’ ಎಂದರೆ, ‘ಬಂದಿಲ್ಲ, ಏಕೆಂದರೆ ಅಸ್ವಸ್ಥನಾಗಿದ್ದಾನೆ’. ಚಿಂತಾಮಣಿಯ ಕಡೆ ಕೇಳಿಬರುವ ತೆಲುಗಿನ ‘ಎಂದುಕಂಟೇ’ಯೂ ಇದೇ ಕಟ್ಟಿನದು.

ಆದರೆ ಕನ್ನಡದ ಸಹಜ ನಡೆಯಲ್ಲಿ ಕಾರಣವೇ ಮುಂದಾಗಿ ಬರುತ್ತದೆ: ‘ಜ್ವರ ಬಂದುದರಿಂದ ಬರಲಿಲ್ಲ.’ ಇದನ್ನೇ ‘ಜ್ವರವೆಂದು ಬರಲಿಲ್ಲ’ ಎಂದು ನೋಡಿ. ಈಗ ಕಾರಣ ಅವನದು. ಹೇಳುವ ನಾನು ಅದಕ್ಕೆ ಜಾಮೀನಲ್ಲ. ಈ ಸೂಕ್ಷ್ಮವನ್ನು ಲ್ಯಾಟಿನ್ನಿನವರೂ ಬಲ್ಲರು. ‘ಕ್ವೊಡ್’ ಎಂಬ ಇನ್ನೊಂದು ಅವ್ಯಯವನ್ನಿಟ್ಟು, ಕ್ರಿಯಾಪದದ ರೂಪವನ್ನಷ್ಟು ಬದಲಿಸಿ, ಕಾರಣದ ಹೊಣೆಯನ್ನು ಅನ್ಯರಿಗೆ ದಾಟಿಸಿಬಿಡುತ್ತಾರೆ.

ಶಿಡ್ಲಘಟ್ಟದ ಸಮೀಪ ನಾನು ಉಪಾಧ್ಯಾಯನಾಗಿದ್ದಾಗ, ರೇಷ್ಮೆ ಸಾಕುವ ಮನೆಯ ಹುಡುಗನೊಬ್ಬ ಎರಡು ದಿನ ಶಾಲೆಗೆ ಬರಲಿಲ್ಲ. ‘ಹುಳು ಹಣ್ಣಾದವೆಂದು ಬಂದಿಲ್ಲ’ ಎಂದು ಹಾಜರಿ ಪುಸ್ತಕದಲ್ಲಿ ಬರೆದೆ. ಹಣ್ಣಾದ ಹುಳು ಭಾನುವಾರಕ್ಕೆ ಕಾಯುವುದಿಲ್ಲ. ಹೊತ್ತಿಗೆ ಸರಿಯಾಗಿ ಆಯ್ದು ಚಂದ್ರಿಕೆಗೆ ಬಿಡದಿದ್ದರೆ ತಿಂಗಳ ದುಡಿಮೆಯೇ ನೀರುಪಾಲು. ಮನೆಮಂದಿಯೆಲ್ಲ ಕೈಹಾಕಬೇಕು. ನನಗದು ತಿಳಿಯದ ಸಂಗತಿಯೇನಲ್ಲ.

ಮಗನನ್ನು ಕರೆತಂದ ತಂದೆ ಆ ಸಾಲನ್ನು ಓದಿದರು. ‘ಹಣ್ಣಾದವೆಂದು ಅಲ್ಲ ಮೇಷ್ಟ್ರೇ, ಹಣ್ಣಾದವು’ ಎಂದರು, ಅಷ್ಟೆ.

‘ಹಣ್ಣಾದುದರಿಂದ’ ಎಂದು ತಿದ್ದಿ, ಪಕ್ಕದಲ್ಲಿ ರುಜು ಹಾಕಿದೆ.