ಹುಬ್ಬಳ್ಳಿಯ ಎರಡು ಮೊಕದ್ದಮೆಗಳು ಮತ್ತು ಕರಾಳ ಕಾನೂನುಗಳು

(ಮಿಶ್ರಿಕೋಟಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಭಯೋತ್ಪಾದನೆ ಎಂದೊಡನೆ ನಮ್ಮ ಮಾತು ಮುಂಬೈ, ದಿಲ್ಲಿ, ಕಾಶ್ಮೀರಗಳ ಕಡೆಗೆ ಹೊರಳುತ್ತದೆ. ಅಷ್ಟು ದೂರ ಹೋಗಬೇಕಾದ ಅಗತ್ಯವೇ ಇಲ್ಲ. ಮಿಶ್ರಿಕೋಟಿಯವರಿಗೆ ಆಸ್ಪತ್ರೆ, ಕಾಲೇಜು, ವ್ಯಾಪಾರ ಎಲ್ಲದಕ್ಕೂ ಹತ್ತಿರವಾದ ಹುಬ್ಬಳ್ಳಿಯಲ್ಲೇ ಎರಡು ಮೊಕದ್ದಮೆಗಳು ನಡೆದು ಹೋಗಿವೆ. ಅವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದವರು ಕಡಿಮೆ. ಇಂದು ಆ ಕೆಲಸ ಮಾಡೋಣ.

ಮೊದಲನೆಯದು 2000ನೇ ಇಸವಿಯದ್ದು. ಆ ವರ್ಷದ ಜುಲೈ 8ರಂದು ಹುಬ್ಬಳ್ಳಿಯ ಕೇಶ್ವಾಪುರದ ಲೂಥರನ್ ಚರ್ಚಿನಲ್ಲಿ ಬಾಂಬ್ ಸ್ಫೋಟಿಸಿತು. ಅದಕ್ಕೆ ಒಂದು ತಿಂಗಳ ಹಿಂದೆ ಗುಲ್ಬರ್ಗ ಜಿಲ್ಲೆಯ ವಾಡಿಯಲ್ಲಿ, ಮರುದಿನ ಬೆಂಗಳೂರಿನ ಜೆ.ಜೆ. ನಗರದಲ್ಲಿ ಚರ್ಚುಗಳ ಮೇಲೆ ಇದೇ ರೀತಿಯ ದಾಳಿಗಳಾದವು. ಒರಿಸ್ಸಾದಲ್ಲಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಪುಟ್ಟ ಮಕ್ಕಳನ್ನು ಸುಟ್ಟು ಕೊಂದು ಆಗಿನ್ನೂ ಹೆಚ್ಚು ಕಾಲ ಕಳೆದಿರಲಿಲ್ಲ. ಆದ್ದರಿಂದ ಹಲವರ ಬೆರಳು ಒಂದೇ ಕಡೆಗೆ ಚಾಚಿತು. ಆದರೆ ಜುಲೈ 9ರ ರಾತ್ರಿ ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಒಂದು ಮಾರುತಿ ವ್ಯಾನ್ ಸ್ಫೋಟಗೊಂಡು, ಅದರೊಳಗಿದ್ದ ಇಬ್ಬರು ಸತ್ತರು. ಅವರು ದೀನ್‌ದಾರ್ ಅಂಜುಮನ್ ಎಂಬ ಪಂಗಡದವರಾಗಿದ್ದರು. ತನಿಖೆ ಆ ಜಾಡು ಹಿಡಿದು ಸಾಗಿತು. 2001ರಲ್ಲಿ ಕೇಂದ್ರ ಸರಕಾರ ಆ ಸಂಘಟನೆಯನ್ನು ನಿಷೇಧಿಸಿತು. 2008ರ ನವೆಂಬರಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಇಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಅಪರಾಧಿಗಳೆಂದು ಸಾರಿತು. ‘ಅವರು ನಮ್ಮವರಲ್ಲ’ ಎಂದು ನಮ್ಮ ಉಲೇಮಾಗಳು ಹೇಳಿದರು. ವಿಶ್ವಾಸದ ದೃಷ್ಟಿಯಿಂದ ಆ ಮಾತು ಸರಿಯೇ. ಆದರೆ ಚರ್ಚಿನಲ್ಲಿ ಬಾಂಬಿಟ್ಟವನು ನಮ್ಮವನೇ ಆಗಿದ್ದರೂ ಅವನ ಜಾಗ ಸೆರೆಮನೆಯೇ ಎಂಬ ಮಾತನ್ನು ಅಷ್ಟೇ ಗಟ್ಟಿಯಾಗಿ ಹೇಳಬೇಕಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ಈ ಕೃತ್ಯ ನಡೆದಾಗ ದೇಶದಲ್ಲಿ ಟಾಡಾ ಇರಲಿಲ್ಲ. ಅದು 1995ರಲ್ಲೇ ಸತ್ತಿತ್ತು. ಪೋಟಾ ಇನ್ನೂ ಹುಟ್ಟಿರಲಿಲ್ಲ. ಬ್ರಿಟಿಷರ ಕಾಲದ ದಂಡಸಂಹಿತೆ ಮತ್ತು ಸ್ಫೋಟಕ ವಸ್ತುಗಳ ಕಾಯ್ದೆಯಂತಹ ಹಳೆಯ ಕಾನೂನುಗಳೇ ಆಧಾರ. ಎಂಟು ವರ್ಷ ಹಿಡಿಯಿತು, ನಿಜ. ಆದರೆ ಆರೋಪ ಸಾಬೀತಾಯಿತು.

ಇನ್ನು ಎರಡನೆಯ ಮೊಕದ್ದಮೆ. 2008ರ ಜನವರಿಯಲ್ಲಿ ದಾವಣಗೆರೆ ಜಿಲ್ಲೆಯ ಹೊನ್ನಾಳಿಯಲ್ಲಿ ಬೈಕ್ ಕಳ್ಳತನದ ಶಂಕೆಯ ಮೇಲೆ ಇಬ್ಬರು ಯುವಕರನ್ನು ಹಿಡಿಯಲಾಯಿತು. ಅಲ್ಲಿಂದ ಬಂಧನಗಳ ಸರಮಾಲೆಯೇ ಆರಂಭವಾಯಿತು. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಓದುತ್ತಿದ್ದವರೂ ಅದರಲ್ಲಿ ಸೇರಿದರು. ನಿಷೇಧಿತ ಸಿಮಿಯ ಜಾಲ, ದೇಶದ ವಿರುದ್ಧ ಸಮರದ ಸಂಚು ಎಂದು ಪತ್ರಿಕೆಗಳು ದಿನವೂ ಬರೆದವು. ಈ ಸಲ ಪೊಲೀಸರ ಕೈಯಲ್ಲಿ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ, ಅಂದರೆ ಯುಎಪಿಎ ಎಂಬ ಬಲವಾದ ಅಸ್ತ್ರವಿತ್ತು. ಫಲಿತಾಂಶವೇನು? 2015ರ ಏಪ್ರಿಲ್ 30ರಂದು ಹುಬ್ಬಳ್ಳಿಯ ನ್ಯಾಯಾಲಯ 17 ಮಂದಿ ಆರೋಪಿಗಳನ್ನೂ ಖುಲಾಸೆಗೊಳಿಸಿತು. ಅವರಲ್ಲಿ ಕೆಲವರ ಮೇಲೆ ಬೇರೆ ರಾಜ್ಯಗಳಲ್ಲಿ ಬೇರೆ ಮೊಕದ್ದಮೆಗಳಿದ್ದವು. ಅವುಗಳ ಸತ್ಯಾಸತ್ಯತೆ ಆಯಾ ನ್ಯಾಯಾಲಯಗಳಿಗೆ ಬಿಟ್ಟದ್ದು. ನಾವು ಹೇಳುತ್ತಿರುವುದು ಹುಬ್ಬಳ್ಳಿಯ ಆರೋಪದ ಬಗ್ಗೆ ಮಾತ್ರ. ಏಳು ವರ್ಷಗಳ ನಂತರ ಅದು ಸಾಬೀತಾಗಲಿಲ್ಲ. ಏಳು ವರ್ಷವೆಂದರೆ ಒಬ್ಬ ವಿದ್ಯಾರ್ಥಿ ಓದು ಮುಗಿಸಿ, ಉದ್ಯೋಗ ಹಿಡಿದು, ಮದುವೆಯಾಗುವಷ್ಟು ಕಾಲ. ಬಂಧನದ ದಿನ ಮುಖಪುಟದಲ್ಲಿ ಮೆರೆದ ಸುದ್ದಿ ಬಿಡುಗಡೆಯ ದಿನ ಯಾವ ಪುಟದಲ್ಲಿತ್ತೆಂದು ನೀವೇ ನೆನಪಿಸಿಕೊಳ್ಳಿ.

ಈ ನಡುವೆ 2008ರ ಮೇ 10ರಂದು, ವಿಧಾನಸಭಾ ಚುನಾವಣೆಯ ಮೊದಲ ಹಂತದ ಮತದಾನದ ದಿನವೇ, ಹುಬ್ಬಳ್ಳಿಯ ಕೋರ್ಟಿನೊಳಗೆ ಬಾಂಬ್ ಸಿಡಿಯಿತು. ರಜಾದಿನವಾದ್ದರಿಂದ ಜೀವಹಾನಿಯಾಗಲಿಲ್ಲ. ಸಿಮಿ ಆರೋಪಿಗಳನ್ನು ಹಾಜರುಪಡಿಸುತ್ತಿದ್ದ ಕೋರ್ಟು ಅದು. ಶಂಕೆ ಯಾರ ಮೇಲೆ ಬಂದಿತೆಂದು ಹೇಳಬೇಕಾಗಿಲ್ಲ. ಆದರೆ 2009ರ ಜನವರಿಯಲ್ಲಿ ಇದೇ ಪ್ರಕರಣದಲ್ಲಿ ಪೊಲೀಸರು ಬಂಧಿಸಿದ್ದು ಮುಸ್ಲಿಮರಲ್ಲದ ಬೇರೊಂದು ಗುಂಪನ್ನು. ಹಾಗೆಂದು ನಾವು ಕೇಕೆ ಹಾಕಬೇಕಾಗಿಲ್ಲ. ನಮ್ಮವರ ಮೇಲಿನ ಆರೋಪ ಕೇವಲ ಆರೋಪವಾದರೆ, ಅವರ ಮೇಲಿನದೂ ತೀರ್ಪು ಬರುವ ತನಕ ಆರೋಪವೇ.

ಕಠಿಣ ಕಾನೂನಿಲ್ಲದೆ ಭಯೋತ್ಪಾದನೆಯನ್ನು ಮಟ್ಟ ಹಾಕಲಾಗದು ಎಂಬ ಮಾತನ್ನು ಮುಸ್ಲಿಮರೂ ಸೇರಿದಂತೆ ಬಹಳ ಮಂದಿ ನಂಬಿದ್ದಾರೆ. ಈ ಎರಡು ಮೊಕದ್ದಮೆಗಳ ಕತೆ ಹಾಗೆ ಹೇಳುವುದಿಲ್ಲ. ಒಡೆದ ವ್ಯಾನಿನ ಜಾಡು ಹಿಡಿದು ಹೋದ ಪೊಲೀಸರಿಗೆ ವಿಶೇಷ ಅಧಿಕಾರ ಬೇಕಾಗಲಿಲ್ಲ. ವಿಶೇಷ ಅಧಿಕಾರವಿದ್ದಲ್ಲಿ ಪುರಾವೆ ಹುಡುಕುವ ತುರ್ತು ಕಡಿಮೆಯಾಗುತ್ತದೆ. ವಿಚಾರಣೆಯ ಮೊದಲೇ ಶಿಕ್ಷೆ ನಡೆದು ಹೋಗುತ್ತಿರುವಾಗ ವಿಚಾರಣೆಗೆ ಅವಸರಪಡುವವರಾರು?

ಇದು ಹೊಸ ಕತೆಯೇನಲ್ಲ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಜುಲೈಯಲ್ಲಿ ಆರೆಸ್ಸೆಸ್ ಮತ್ತು ಜಮಾಅತೆ ಇಸ್ಲಾಮೀ ಹಿಂದ್ ಎರಡನ್ನೂ ಒಂದೇ ಆದೇಶದ ಗುಂಪಿನಲ್ಲಿ ನಿಷೇಧಿಸಲಾಯಿತು. ಮಂಗಳೂರಿನವರಾದ ಜಾರ್ಜ್ ಫೆರ್ನಾಂಡಿಸ್ ಮತ್ತು ಸಂಗಡಿಗರ ಮೇಲೆ ಡೈನಮೈಟ್ ಸಂಗ್ರಹಿಸಿ ಸೇತುವೆ, ರೈಲುಹಳಿಗಳನ್ನು ಸ್ಫೋಟಿಸುವ ಸಂಚಿನ ಆರೋಪ ಹೊರಿಸಲಾಯಿತು. ಅದೇ ಬರೋಡಾ ಡೈನಮೈಟ್ ಪ್ರಕರಣ. ಜಾರ್ಜ್ ಎಲ್ಲಿದ್ದಾರೆಂದು ತಿಳಿಯಲು ಅವರ ತಮ್ಮ ಲಾರೆನ್ಸ್‌ರನ್ನು ಬೆಂಗಳೂರಿನಲ್ಲಿ ಹಿಡಿದು ಚಿತ್ರಹಿಂಸೆ ನೀಡಲಾಯಿತು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರನ್ನು ಅಸ್ತಮಾದಿಂದ ಬಳಲುತ್ತಿದ್ದರೂ ಬೆಂಗಳೂರಿನ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ಕೂಡಿಡಲಾಯಿತು. 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಇಂತಹ ಬಂಧನಗಳನ್ನು ಪ್ರಶ್ನಿಸುವ ಹಕ್ಕೇ ಇಲ್ಲವೆಂದು 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ಹೇಳಿತು. ಐವರಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನ ತೀರ್ಪು ಬರೆದರು. ಆ ಬಹುಮತದ ತೀರ್ಪನ್ನು ಕೋರ್ಟು ತಳ್ಳಿ ಹಾಕಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ.

ಆ ದಿನಗಳಲ್ಲಿ ಬೆಂಗಳೂರು ಜೈಲಿನಲ್ಲಿ ಮೀಸಾ ಬಂಧಿಯಾಗಿದ್ದವರು ಅಡ್ವಾಣಿಯವರು. ಅವರೇ ಗೃಹ ಸಚಿವರಾಗಿ 2002ರಲ್ಲಿ ಪೋಟಾ ತಂದರು. ಜಾರ್ಜ್ ಅದೇ ಸಂಪುಟದಲ್ಲಿ ರಕ್ಷಣಾ ಸಚಿವ! ಮೀಸಾ, ಟಾಡಾ ತಂದದ್ದು ಕಾಂಗ್ರೆಸ್. ಪೋಟಾ ರದ್ದುಪಡಿಸಿ ಅದರ ಮುಖ್ಯ ಅಂಶಗಳನ್ನು ಯುಎಪಿಎಗೆ ಸೇರಿಸಿದ್ದೂ, 2008ರ ಡಿಸೆಂಬರಿನಲ್ಲಿ ಆರೋಪಪಟ್ಟಿಗೆ 180 ದಿನಗಳ ಅವಕಾಶ ಕೊಟ್ಟು ಜಾಮೀನಿನ ಬಾಗಿಲು ಮುಚ್ಚಿದ್ದೂ ಅದೇ ಕಾಂಗ್ರೆಸ್ ನೇತೃತ್ವದ ಸರಕಾರ. ಇಂತಹ ವಿಷಯದಲ್ಲಿ ಪಕ್ಷಗಳ ಹೆಸರು ನೋಡಿ ಸಮಾಧಾನಪಟ್ಟುಕೊಳ್ಳುವವರನ್ನು ಕಂಡರೆ ನಮಗೆ ಅಚ್ಚರಿಯಾಗುತ್ತದೆ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 113ನೇ ಕಲಮಿನಲ್ಲಿ ಭಯೋತ್ಪಾದನೆ ಸಾಮಾನ್ಯ ದಂಡಸಂಹಿತೆಯೊಳಗೇ ಬಂದು ಕೂತಿದೆ.

ಹಾಗಾದರೆ ಒಂದು ಸಾಮಾನ್ಯ ಕುಟುಂಬ ಮಾಡಬಹುದಾದುದೇನು? ಬಂಧಿತನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇದು ಸಂವಿಧಾನದ 22ನೇ ವಿಧಿ. ಬಂಧನದ ಸುದ್ದಿಯನ್ನು ಸಂಬಂಧಿಕರಿಗೆ ತಿಳಿಸಬೇಕು. ಇದು 1996ರ ಡಿ.ಕೆ. ಬಸು ತೀರ್ಪು. ಯುಎಪಿಎ ಅಡಿಯಲ್ಲಿಯೂ ಬಂಧನದ ಕಾರಣಗಳನ್ನು ಲಿಖಿತವಾಗಿ ಕೊಡಲೇಬೇಕೆಂದು 2024ರ ಮೇಯಲ್ಲಿ ಪ್ರಬೀರ್ ಪುರಕಾಯಸ್ಥ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ವಿಚಾರಣೆ ಮುಗಿಯದೆ ವರ್ಷಗಟ್ಟಲೆ ಕೊಳೆಯುವವರಿಗೆ ಜಾಮೀನು ಕೊಡಬಹುದೆಂದು 2021ರ ನಜೀಬ್ ತೀರ್ಪು ಹೇಳುತ್ತದೆ. ಮನೆಗೆ ಪೊಲೀಸರು ಬಂದಾಗ ಮಗನನ್ನು ಅಡಗಿಸುವುದೂ ಬೇಡ, ಭಯದಿಂದ ಖಾಲಿ ಕಾಗದಕ್ಕೆ ಸಹಿ ಹಾಕುವುದೂ ಬೇಡ. ಬಂದವರ ಹೆಸರು, ಹುದ್ದೆ, ಕರೆದೊಯ್ದ ದಿನ ಮತ್ತು ಗಂಟೆಯನ್ನು ಒಂದು ಹಾಳೆಯಲ್ಲಿ ಬರೆದಿಟ್ಟು, ಅದೇ ದಿನ ವಕೀಲರ ಕೈಗೆ ಕೊಡಿ. ಮಸೀದಿ ಕಮಿಟಿಗಳು ವರ್ಷಕ್ಕೊಮ್ಮೆ ಬಣ್ಣ ಬಳಿಯಲು ತೆಗೆದಿಡುವ ಹಣದಲ್ಲಿ ಒಂದು ಪಾಲನ್ನು ಕಾನೂನು ನೆರವಿಗೆಂದು ತೆಗೆದಿರಿಸಲಿ. ಆ ನೆರವು ಕೇಳಿ ಬಂದವನ ಧರ್ಮ ಯಾವುದೆಂದು ವಿಚಾರಿಸದಿರಲಿ.