ಮೇಣದ ಮುಖ, ಮಾತಿನಲ್ಲಿ ಉಳಿದ ಮುಖ

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮೇಲೆ, ಸಂಗಡಿಗರ ಮೇಲೆ ಅವನ ಕೃಪೆ ಮತ್ತು ಶಾಂತಿ ಇರಲಿ. ಸಹೋದರರೇ, ಅಲ್ಲಾಹನ ಭಯಭಕ್ತಿಯಿಂದ ಬದುಕಬೇಕೆಂದು ನಿಮಗೂ, ನಿಮಗಿಂತ ಮೊದಲು ನಮಗೂ ಉಪದೇಶಿಸುತ್ತಾ ಮಾತು ಆರಂಭಿಸುತ್ತೇವೆ.

ಬೇಸಿಗೆ ರಜೆ ಮುಗಿದು ಮದ್ರಸಗಳು ಮತ್ತೆ ತೆರೆದಿವೆ. ನಮ್ಮ ಕರಾವಳಿಯ ಮನೆಗಳಿಗೆ ದುಬೈ ದೂರದ ಊರೇನಲ್ಲ. ಒಂದು ಮನೆಯಲ್ಲಿ ತಂದೆ, ಇನ್ನೊಂದರಲ್ಲಿ ಅಣ್ಣ, ಮತ್ತೊಂದರಲ್ಲಿ ಅಳಿಯ ಅಲ್ಲಿ ದುಡಿಯುತ್ತಿರುತ್ತಾರೆ. ವಿಸಿಟ್ ವಿಸಾದಲ್ಲಿ ಹೋಗಿಬಂದ ಮಕ್ಕಳು ಈ ಸಲ ಮದ್ರಸದಲ್ಲಿ ಮಾತಾಡಿಕೊಂಡದ್ದು ಬುರ್ಜ್ ಖಲೀಫಾದ ಬಗ್ಗೆ ಅಲ್ಲ, ಮೇಣದ ಬೊಂಬೆಗಳ ಬಗ್ಗೆ. ಬ್ಲೂವಾಟರ್ಸ್ ದ್ವೀಪದಲ್ಲಿ, ಆ ದೊಡ್ಡ ಚಕ್ರದ ಹತ್ತಿರ, ಮೇಡಂ ಟುಸ್ಸಾಡ್ಸ್ ಎಂಬ ಮೇಣದ ಪ್ರತಿಮೆಗಳ ಸಂಗ್ರಹಾಲಯ 2021ರ ಅಕ್ಟೋಬರಿನಲ್ಲಿ ತೆರೆದಿದೆ. ಅಲ್ಲಿ ವಿರಾಟ್ ಕೊಹ್ಲಿಯ ಪಕ್ಕ ನಿಂತು ತೆಗೆಸಿಕೊಂಡ ಫೋಟೋವನ್ನು ಹುಡುಗರು ಒಬ್ಬರಿಗೊಬ್ಬರು ತೋರಿಸುತ್ತಿದ್ದರು. ಆ ಗದ್ದಲದ ನಡುವೆ ಒಬ್ಬ ಪುಟ್ಟ ಹುಡುಗ ಉಸ್ತಾದರಲ್ಲಿ ಒಂದು ಪ್ರಶ್ನೆ ಕೇಳಿದನಂತೆ: ಇವರೆಲ್ಲರ ಮುಖ ಹೇಗಿದೆ ಎಂದು ನೋಡಬಹುದು, ನಮ್ಮ ನೆಬಿಯವರ ಮುಖ ಹೇಗಿತ್ತೆಂದು ನಮಗೆ ಗೊತ್ತಾಗುವುದು ಹೇಗೆ?

ಮಗುವಿನ ಪ್ರಶ್ನೆಯೆಂದು ನಗಬೇಡಿ. ಒಬ್ಬ ಮನುಷ್ಯನನ್ನು ಅವನ ನಂತರ ಬರುವವರು ಹೇಗೆ ನೆನಪಿಡಬೇಕು ಎಂಬುದೇ ಆ ಪ್ರಶ್ನೆ. ಇಂದು ನಾವು ಅದಕ್ಕೆ ಉತ್ತರ ಹುಡುಕೋಣ.

ಮೊದಲು ಆ ಮೇಣದ ಮನೆಯ ಕಥೆ ತಿಳಿಯೋಣ. ಕಥೆ ಸ್ವಾರಸ್ಯಕರವಾಗಿದೆ. ಮೇಡಂ ಟುಸ್ಸಾಡ್ ಎಂಬುದು ಒಬ್ಬ ಮಹಿಳೆಯ ಹೆಸರು. 1761ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಹುಟ್ಟಿದವರು. ತಾಯಿ ಕರ್ಟಿಯಸ್ ಎಂಬ ವೈದ್ಯರ ಮನೆಯಲ್ಲಿ ಮನೆಗೆಲಸಕ್ಕಿದ್ದರು. ಆ ವೈದ್ಯರಿಗೆ ದೇಹದ ಅಂಗಾಂಗಗಳನ್ನು ಮೇಣದಲ್ಲಿ ಮಾಡುವ ಕೈಚಳಕವಿತ್ತು. ಆಮೇಲೆ ಅವರು ಪ್ಯಾರಿಸಿಗೆ ಹೋಗಿ ಹೆಸರುವಾಸಿಗಳ ಪ್ರತಿಮೆ ಮಾಡಿ ಪ್ರದರ್ಶನಕ್ಕಿಟ್ಟರು. ಹುಡುಗಿ ಮೇರಿ ಅವರ ಕೈಕೆಳಗೇ ವಿದ್ಯೆ ಕಲಿತು, 1777ರಲ್ಲಿ ಲೇಖಕ ವಾಲ್ಟೇರನ ಪ್ರತಿಮೆ ಮಾಡಿದರು. ಅಷ್ಟರಲ್ಲಿ ಫ್ರಾನ್ಸಿನ ಮಹಾಕ್ರಾಂತಿ ಬಂತು. ರಾಜ ರಾಣಿಯರ ತಲೆ ಕಡಿದರು. ಕಡಿದ ಆ ತಲೆಗಳ ಅಚ್ಚು ತೆಗೆಯುವ ಕೆಲಸ ತಮ್ಮ ಪಾಲಿಗೆ ಬಂತೆಂದು ಮೇರಿಯೇ ಮುಂದೆ ಹೇಳಿಕೊಂಡಿದ್ದಾರೆ. ರಾಜ ಹದಿನಾರನೇ ಲೂಯಿಯ ತಲೆ, ರಾಣಿಯ ತಲೆ, ಕೊನೆಗೆ ಎಷ್ಟೋ ಜನರ ತಲೆ ಕಡಿಸಿದ ರೋಬೆಸ್ಪಿಯರನದೂ. ನಿನ್ನೆ ಜೈಕಾರ ಹಾಕಿಸಿಕೊಂಡವರು ಇಂದು ಒಬ್ಬ ಹೆಂಗಸಿನ ಮಡಿಲಲ್ಲಿ ಬರೀ ಅಚ್ಚು!

1802ರಲ್ಲಿ ಮೇರಿ ಈ ಪ್ರತಿಮೆಗಳನ್ನು ಹೇರಿಕೊಂಡು ಇಂಗ್ಲೆಂಡಿಗೆ ಹೋದರು. ಮೂವತ್ತಕ್ಕೂ ಹೆಚ್ಚು ವರ್ಷ ಊರೂರು ಸುತ್ತಿ, 1835ರಲ್ಲಿ ಲಂಡನಿನ ಬೇಕರ್ ಸ್ಟ್ರೀಟಿನಲ್ಲಿ ನೆಲೆಯೂರಿದರು. 1850ರಲ್ಲಿ ತೀರಿಕೊಂಡರು. ಈಗ ಲಂಡನಿನ ಮೆರಿಲ್ಬೋನ್ ರಸ್ತೆಯಲ್ಲಿರುವ ಕಟ್ಟಡಕ್ಕೆ ಪ್ರದರ್ಶನ ಬಂದದ್ದು 1884ರಲ್ಲಿ. ಆ ಕಟ್ಟಡಕ್ಕೆ 1925ರಲ್ಲಿ ಬೆಂಕಿ ಬಿತ್ತು. ಮೇಣ ಮತ್ತು ಬೆಂಕಿ ಸೇರಿದರೆ ಏನಾಗುತ್ತದೆಂದು ನಾವು ವಿವರಿಸಬೇಕಿಲ್ಲ. ಮತ್ತೆ ಕಟ್ಟಿದರು. 1940ರಲ್ಲಿ ಯುದ್ಧದ ಬಾಂಬು ಬಿದ್ದು ನೂರಾರು ತಲೆಗಳ ಅಚ್ಚುಗಳು ಪುಡಿಯಾದವು. ಮತ್ತೆ ಮಾಡಿದರು.

ಪ್ರತಿಮೆ ತಯಾರಿಸುವ ಕ್ರಮ ಕೇಳಿದರೆ ಆಶ್ಚರ್ಯವಾಗುತ್ತದೆ. ಬದುಕಿರುವವರಾದರೆ ಎದುರಿಗೆ ಕೂರಿಸಿ ಇನ್ನೂರಕ್ಕೂ ಹೆಚ್ಚು ಅಳತೆ ತೆಗೆಯುತ್ತಾರೆ. ಕಿವಿಯಿಂದ ಕಿವಿಗೆಷ್ಟು, ಮೂಗಿನ ಉದ್ದವೆಷ್ಟು, ಬೆರಳುಗಳ ಸುತ್ತಳತೆಯೆಷ್ಟು. ಮೇಣ ಆರುವಾಗ ಕುಗ್ಗುವುದರಿಂದ ತಲೆಯನ್ನು ಅಸಲಿಗಿಂತ ನೂರಕ್ಕೆ ಎರಡರಷ್ಟು ದೊಡ್ಡದಾಗಿ ರೂಪಿಸುತ್ತಾರೆ. ತಲೆಗೂದಲನ್ನು ಸೂಜಿಯಿಂದ ಒಂದೊಂದಾಗಿ ನೆಡುತ್ತಾರೆ. ಅದಕ್ಕೇ ವಾರಗಟ್ಟಲೆ ಬೇಕು. ಕಣ್ಣಗುಡ್ಡೆಯ ಕೆಂಪು ನರಗಳಿಗೆ ರೇಷ್ಮೆ ಎಳೆ ಬಳಸುತ್ತಾರೆ. ಒಂದು ಪ್ರತಿಮೆ ಮುಗಿಯಲು ತಿಂಗಳುಗಳೇ ಹಿಡಿಯುತ್ತವೆ. ಆಮೇಲೂ ಕೂದಲು ತೊಳೆದು, ಬಣ್ಣ ತಿದ್ದಿ ನೋಡಿಕೊಳ್ಳುತ್ತಿರಬೇಕು. ಕೆಲಸಗಾರರ ಶ್ರದ್ಧೆಯನ್ನು ನಾವು ಕೀಳಾಗಿ ಕಾಣುವುದಿಲ್ಲ. ನಮ್ಮಲ್ಲಿ ಎಷ್ಟು ಜನ ತಮ್ಮ ಕೆಲಸವನ್ನು ಈ ನಿಷ್ಠೆಯಿಂದ ಮಾಡುತ್ತೇವೆ?

ಆದರೆ ಆ ಇನ್ನೂರು ಚಿಲ್ಲರೆ ಅಳತೆಗಳ ಪಟ್ಟಿಯನ್ನು ಒಮ್ಮೆ ಮನಸ್ಸಿನಲ್ಲಿ ಓದಿ ನೋಡಿ. ನಾಳೆ ಅಲ್ಲಾಹನ ಮುಂದೆ ನಮ್ಮನ್ನು ಪ್ರಶ್ನಿಸುವಾಗ ಇವುಗಳಲ್ಲಿ ಯಾವ ಅಳತೆಯನ್ನು ಕೇಳಲಾಗುತ್ತದೆ? ಸಂಪಾದನೆ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಯೌವನ ಯಾವುದರಲ್ಲಿ ಕಳೆಯಿತು ಎಂಬ ಪ್ರಶ್ನೆಗಳಿಗೆ ಅಳತೆಪಟ್ಟಿ ತಾಗುವುದಿಲ್ಲ.

ಇನ್ನೊಂದು ಸಂಗತಿಯನ್ನು ನಮ್ಮ ಯುವಕರು ಗಮನಿಸಬೇಕು. ಆ ಮನೆಯಲ್ಲಿ ಯಾರಿಗೂ ಕಾಯಂ ಜಾಗವಿಲ್ಲ. ಜನರಿಗೆ ಬೇಕಾದವರು ಮುಂದೆ ಬರುತ್ತಾರೆ, ಬೇಡವಾದವರು ಗೋದಾಮಿಗೆ ಹೋಗುತ್ತಾರೆ. ಬ್ರಿಟಿಷ್ ರಾಜಕುಮಾರ ಹ್ಯಾರಿ ದಂಪತಿ 2020ರ ಜನವರಿಯಲ್ಲಿ ಅರಮನೆಯ ಹೊಣೆಯಿಂದ ದೂರ ಸರಿಯುತ್ತೇವೆ ಎಂದರು. ಮರುದಿನವೇ ಲಂಡನಿನಲ್ಲಿ ಅವರ ಪ್ರತಿಮೆಗಳನ್ನು ರಾಜಕುಟುಂಬದ ಸಾಲಿನಿಂದ ಎತ್ತಿದರು. ಉಕ್ರೇನ್ ಯುದ್ಧ ಶುರುವಾದ ಬೆನ್ನಿಗೇ 2022ರ ಮಾರ್ಚಿನಲ್ಲಿ ಪ್ಯಾರಿಸಿನ ಗ್ರೆವಾಂ ಸಂಗ್ರಹಾಲಯದವರು ರಷ್ಯಾದ ಅಧ್ಯಕ್ಷ ಪುಟಿನರ ಪ್ರತಿಮೆಯನ್ನು ಒಳಗಿಟ್ಟರು. ಪ್ರೀತಿಯೂ ಅಲ್ಲಿ ಅಪಾಯವೇ. 2018ರಲ್ಲಿ ದೆಹಲಿಯಲ್ಲಿ ಕೊಹ್ಲಿಯ ಪ್ರತಿಮೆ ಇಟ್ಟ ಬೆನ್ನಿಗೇ ಸೆಲ್ಫಿಗೆ ಮುಗಿಬಿದ್ದ ಅಭಿಮಾನಿಗಳ ನೂಕುನುಗ್ಗಲಿಗೆ ಅದರ ಕಿವಿ ಹಾಳಾಯಿತು. ಆ ದೆಹಲಿಯ ಸಂಗ್ರಹಾಲಯವೇ ಕೊರೋನಾ ಕಾಲದಲ್ಲಿ ಬಾಗಿಲು ಹಾಕಿ, ಆಮೇಲೆ ನೋಯ್ಡಾದ ಮಾಲ್ ಒಂದಕ್ಕೆ ಹೋಯಿತು. ಪ್ರತಿಮೆಗಳ ಮಾತಿರಲಿ, ಅವುಗಳ ಮನೆಗೂ ನೆಲೆಯಿಲ್ಲ. ರೀಲ್ಸ್ ಮಾಡಿ ನಾಲ್ಕು ಜನ ನೋಡಿದರೆ ಬದುಕು ಸಾರ್ಥಕ ಎಂದುಕೊಂಡಿರುವ ತಮ್ಮಂದಿರು ಮನೆಗೆ ಹೋಗುವ ದಾರಿಯಲ್ಲಿ ಇದನ್ನು ಯೋಚಿಸಲಿ.

ಹಾಗಾದರೆ ಅಂಥ ಜಾಗಕ್ಕೆ ಹೋಗಬಹುದೇ ಎಂದು ಹಿರಿಯರೊಬ್ಬರು ಕೇಳಿದ್ದಾರೆ. ಜೀವಿಗಳ ಪೂರ್ಣಾಕಾರದ ಪ್ರತಿಮೆ ಮಾಡುವುದನ್ನು, ಗೌರವದಿಂದ ಇಡುವುದನ್ನು ನಮ್ಮ ಉಲಮಾಗಳಲ್ಲಿ ಬಹುಪಾಲು ಜನ ಒಪ್ಪಿಲ್ಲ. ಅದೇ ಸಮಯ, ಬಾಲಕಿ ಆಯಿಶಾ(ರ)ರ ಆಟದ ಬೊಂಬೆಗಳನ್ನು ಪ್ರವಾದಿವರ್ಯರು(ಸ) ತಡೆಯಲಿಲ್ಲ. ಬಟ್ಟೆಯ ರೆಕ್ಕೆಗಳಿದ್ದ ಒಂದು ಕುದುರೆಯನ್ನು ಕಂಡು, ಕುದುರೆಗೆ ರೆಕ್ಕೆಯೇ ಎಂದು ವಿಚಾರಿಸಿದರು. ಸುಲೈಮಾನ್(ಅ)ರ ಕುದುರೆಗಳಿಗೆ ರೆಕ್ಕೆಯಿತ್ತೆಂದು ನೀವು ಕೇಳಿಲ್ಲವೇ ಎಂದು ಆಕೆ ಮರುಪ್ರಶ್ನೆ ಹಾಕಿದಾಗ ಮನಸಾರೆ ನಕ್ಕರು. ಹಾಗಾಗಿ ಮಕ್ಕಳ ಕುತೂಹಲದ ಮೇಲೆ ದೊಣ್ಣೆ ಎತ್ತಬೇಡಿ. ಹೋಗಿಬಂದವರನ್ನು ದೂಷಿಸಲು ನಾವು ಈ ಮಾತು ಎತ್ತಿಲ್ಲ. ಆದರೆ ಸಲಹೆ ಕೇಳಿದರೆ, ಆ ಟಿಕೆಟ್ ಹಣಕ್ಕೆ ಬೇರೆ ದಾರಿ ಇದೆ ಎಂದೇ ಹೇಳುತ್ತೇವೆ. ತಂದೆ ವರ್ಷಗಟ್ಟಲೆ ಬೆವರು ಸುರಿಸುವ ಕೆಲಸದ ಜಾಗವನ್ನು, ಅವರು ಆರು ಜನರ ಜೊತೆ ಮಲಗುವ ಕೋಣೆಯನ್ನು ಎಷ್ಟು ಮಕ್ಕಳು ನೋಡಿ ಬಂದಿದ್ದಾರೆ?

ಪ್ರತಿಮೆಗಳ ವಿಷಯದಲ್ಲಿ ಇಸ್ಲಾಮ್ ಇಷ್ಟೇಕೆ ಎಚ್ಚರ ವಹಿಸಿತು? ನೂಹ್(ಅ)ರ ಜನಾಂಗದಲ್ಲಿ ವದ್ದ್, ಸುವಾಅ್, ಯಗೂಸ್, ಯಊಕ್, ನಸ್ರ್ ಎಂಬ ಹೆಸರುಗಳಿದ್ದವು. ಇಬ್ನು ಅಬ್ಬಾಸ್(ರ) ವಿವರಿಸುವ ಪ್ರಕಾರ ಅವರು ಆ ಜನಾಂಗದ ಸಜ್ಜನರು. ಅವರು ತೀರಿಕೊಂಡಾಗ, ಅವರು ಕೂರುತ್ತಿದ್ದ ಜಾಗಗಳಲ್ಲಿ ಅವರ ಹೆಸರಿನಲ್ಲಿ ಪ್ರತಿಮೆ ನಿಲ್ಲಿಸಿದರು. ಆ ತಲೆಮಾರು ಆರಾಧಿಸಲಿಲ್ಲ. ಆ ತಲೆಮಾರು ಹೋಯಿತು, ತಿಳಿವಳಿಕೆಯೂ ಹೋಯಿತು, ಆಗ ಆರಾಧನೆ ಬಂತು. ಮೇಣದ ಬೊಂಬೆಯ ಮುಂದೆ ಇಂದು ಯಾರೂ ಪ್ರಾರ್ಥಿಸುವುದಿಲ್ಲ, ಅದು ನಮಗೂ ಗೊತ್ತು. ನಾವು ಗಮನಿಸಬೇಕಾದದ್ದು ಆ ಕಥೆಯ ನಡುವಿನ ಹಂತವನ್ನು: ಮುಖ ಉಳಿಯಿತು, ಆ ಸಜ್ಜನರು ಮಾಡಿದ ಒಳಿತು ಏನೆಂಬುದು ಮರೆತುಹೋಯಿತು.

ಈಗ ಮಗುವಿನ ಪ್ರಶ್ನೆಗೆ ಬರೋಣ. ನೆಬಿಯವರ ಮುಖ ಹೇಗಿತ್ತು?

ಪ್ರತಿಮೆಯಿಲ್ಲ, ಚಿತ್ರವಿಲ್ಲ. ಆದರೆ ಅವರು ತೀರಿಕೊಂಡಾಗ ತಲೆಯಲ್ಲೂ ಗಡ್ಡದಲ್ಲೂ ಸೇರಿ ಇಪ್ಪತ್ತು ಬಿಳಿ ಕೂದಲೂ ಇರಲಿಲ್ಲ ಎಂಬುದು ನಮಗೆ ಗೊತ್ತು. ಹತ್ತು ವರ್ಷ ಅವರ ಸೇವೆ ಮಾಡಿದ ಅನಸ್(ರ) ಅದನ್ನು ಹೇಳಿದ್ದಾರೆ. ನೋಡಿ, ಅಲ್ಲಿ ಕೂದಲನ್ನು ಒಂದೊಂದಾಗಿ ನೆಡುತ್ತಾರೆ. ಇಲ್ಲಿ ಪ್ರೀತಿಸಿದವರು ಬಿಳಿ ಕೂದಲನ್ನು ಲೆಕ್ಕವಿಟ್ಟು ಮಾತಿನಲ್ಲಿ ದಾಟಿಸಿದರು. ಇಂಥ ವರದಿಗಳನ್ನು ಇಮಾಮ್ ತಿರ್ಮಿದಿ 'ಶಮಾಇಲ್' ಎಂಬ ಗ್ರಂಥದಲ್ಲಿ ಕಲೆಹಾಕಿದ್ದಾರೆ. ಅದರಲ್ಲಿ ಬರುವ ಒಂದು ಪ್ರಸಂಗ ನಮ್ಮನ್ನು ಕಲಕುತ್ತದೆ. ಅಜ್ಜ ಅಗಲಿದಾಗ ಹಸನ್(ರ)ರಿಗೆ ಏಳೆಂಟು ವರ್ಷ. ಆ ಹೆಗಲೇರಿ ಆಡಿದ ಮೊಮ್ಮಗ. ಮುಂದೆ ಅವರು ಮಾವ ಹಿಂದ್ ಬಿನ್ ಅಬೂ ಹಾಲಾ(ರ)ರ ಬಳಿ ಹೋಗಿ, ಅಜ್ಜ ಹೇಗಿದ್ದರೆಂದು ವರ್ಣಿಸಿ ಎಂದು ಕೇಳಿಕೊಂಡರು. ತಮಗೆ ಹಿಡಿದುಕೊಳ್ಳಲು ಏನಾದರೂ ಬೇಕು ಎಂಬ ಆಸೆ ಅವರದು. ಹಿಂದ್(ರ) ಖದೀಜಾ(ರ)ರ ಮೊದಲಿನ ಮದುವೆಯ ಮಗ, ಪ್ರವಾದಿಯವರ(ಸ) ಮನೆಯಲ್ಲಿ ಬೆಳೆದವರು, ವರ್ಣಿಸುವುದರಲ್ಲಿ ನಿಪುಣರು. ಅವರು ಹೇಳುತ್ತಾ ಹೋದರು: ಅತಿ ಎತ್ತರವೂ ಅಲ್ಲ, ಗಿಡ್ಡವೂ ಅಲ್ಲ. ನಡೆದರೆ ಇಳಿಜಾರಿನಲ್ಲಿ ಇಳಿದಂತೆ ಚುರುಕು. ಯಾರ ಕಡೆಗಾದರೂ ತಿರುಗಿದರೆ ಕತ್ತು ಮಾತ್ರವಲ್ಲ, ಇಡೀ ದೇಹವೇ ತಿರುಗುತ್ತಿತ್ತು. ಎದುರಾದವರಿಗೆ ತಾವೇ ಮೊದಲು ಸಲಾಮ್ ಹೇಳುತ್ತಿದ್ದರು.

ಮಾತಾಡಿಸಿದವನ ಕಡೆಗೆ ಇಡೀ ದೇಹ ತಿರುಗಿಸುವುದು, ಮೊದಲು ಸಲಾಮ್ ಹೇಳುವುದು. ಇದನ್ನು ಯಾವ ಮೇಣದಲ್ಲಿ ಎರಕ ಹೊಯ್ಯುತ್ತೀರಿ? ಇದು ನಮ್ಮ ಮೈಯಲ್ಲಿ ಮಾತ್ರ ಬರಬೇಕು. ಮೊಬೈಲ್ ನೋಡುತ್ತಲೇ ತಾಯಿಗೆ ಹೂಂ ಎನ್ನುವ ನಮಗೆ ಆ ಒಂದು ವರ್ಣನೆ ಸಾಕು.

ಅವರ ಜೀವಿತಕಾಲದಲ್ಲೂ ಹೊಸಬರಿಗೆ ಅವರ ಗುರುತು ಸುಲಭವಾಗಿ ಹತ್ತುತ್ತಿರಲಿಲ್ಲ. ಒಮ್ಮೆ ಮರುಭೂಮಿಯ ಕಡೆಯಿಂದ ಬಂದ ಒಬ್ಬರು ಮಸೀದಿಯಲ್ಲಿ ಒಂಟೆ ಕೂರಿಸಿ, ಕಾಲು ಕಟ್ಟಿ, ನಿಮ್ಮಲ್ಲಿ ಮುಹಮ್ಮದ್ ಯಾರು ಎಂದು ಕೇಳಿದರು. ಮದೀನಾದ ಮುಖಂಡರು ಅಷ್ಟು ಜನರ ನಡುವೆ ಅವರಂತೆಯೇ ಕೂತಿದ್ದರು. ಸಿಂಹಾಸನವಿದ್ದರೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಮತ್ತೆ, ಅವರು ಯಾರನ್ನು ನೆನಪಿಟ್ಟರು ಎಂಬುದನ್ನೂ ನೋಡಿ. ಮಸೀದಿ ಗುಡಿಸುತ್ತಿದ್ದ ಒಬ್ಬ ಕಪ್ಪು ಮಹಿಳೆ ಕಾಣಿಸಲಿಲ್ಲ. ವಿಚಾರಿಸಿದರೆ ತೀರಿಕೊಂಡರು ಎಂದರು. ಸಣ್ಣ ವಿಷಯವೆಂದುಕೊಂಡು ಜನ ಅವರಿಗೆ ತಿಳಿಸದೆಯೇ ದಫನ ಮಾಡಿದ್ದರು. ನನಗೇಕೆ ಹೇಳಲಿಲ್ಲ ಎಂದು ಬೇಸರಪಟ್ಟು, ಸಮಾಧಿ ಎಲ್ಲಿದೆಯೆಂದು ಕೇಳಿ, ಅಲ್ಲಿಗೆ ಹೋಗಿ ನಮಾಝ್ ಮಾಡಿದರು. ಆ ಮಹಿಳೆಯ ಹೆಸರೂ ಎಲ್ಲ ವರದಿಗಳಲ್ಲಿ ಸಿಗುವುದಿಲ್ಲ. ಆದರೂ 1,400 ವರ್ಷಗಳ ನಂತರ ಈ ಊರಿನ ಮಿಂಬರಿನಲ್ಲಿ ಅವರ ಪೊರಕೆಯ ಬಗ್ಗೆ ಮಾತಾಡುತ್ತಿದ್ದೇವೆ.

ನಮ್ಮ ಕಾಲದಲ್ಲೂ ಖ್ಯಾತಿಯ ತುದಿ ಮುಟ್ಟಿ ಅದರ ತೂಕ ಅರಿತವರಿದ್ದರು. ಹಾಲಿವುಡ್‌ನ ಬೀದಿಯ ಕಾಲುದಾರಿಯಲ್ಲಿ ಪ್ರಸಿದ್ಧರ ಹೆಸರಿನ ನಕ್ಷತ್ರಗಳನ್ನು ಹಾಸಿದ್ದಾರೆ, 2,000ಕ್ಕೂ ಹೆಚ್ಚು. 2002ರಲ್ಲಿ ಬಾಕ್ಸರ್ ಮುಹಮ್ಮದ್ ಅಲಿಗೂ ಒಂದು ಕೊಟ್ಟರು. ನಾನು ಪ್ರವಾದಿಯವರ ಹೆಸರು ಹೊತ್ತವನು, ಆ ಹೆಸರನ್ನು ಜನ ತುಳಿಯಬಾರದು ಎಂದು ಅವರು ಪಟ್ಟು ಹಿಡಿದರು. ಕೊನೆಗೆ ಅದನ್ನು ಗೋಡೆಯ ಮೇಲೆ ಕೂರಿಸಿದರು. ಆ ಬೀದಿಯಲ್ಲಿ ಗೋಡೆಗೇರಿದ ನಕ್ಷತ್ರ ಅದೊಂದೇ. ನಮ್ಮ ಮಹಲ್ಲಾದಲ್ಲಿ ಆ ಹೆಸರಿನವರು ಎಷ್ಟು ಜನ ಇದ್ದಾರೆ, ಲೆಕ್ಕ ಹಾಕಿ. ಆ ಹೆಸರಿಟ್ಟುಕೊಂಡು ಸಾಲ ತೀರಿಸದೆ ತಲೆಮರೆಸಿಕೊಳ್ಳುವವರೂ ಇದ್ದಾರೆ. ಅದು ಕಾಲುದಾರಿಗಿಂತ ಕೆಳಗೆ ಹಾಕಿ ತುಳಿದಂತೆ.

ಮದ್ರಸದ ಉಸ್ತಾದರ ಜೊತೆ ಮಾತಾಡಿ ಒಂದು ವ್ಯವಸ್ಥೆ ಮಾಡಿದ್ದೇವೆ. ಐದನೇ ತರಗತಿಯಿಂದ ಮೇಲಿನ ಪ್ರತಿ ಮಗುವೂ ತಾನು ನೋಡದಿರುವ, ತೀರಿಕೊಂಡ ಹಿರಿಯರೊಬ್ಬರ ಬಗ್ಗೆ ಒಂದು ಪುಟ ಬರೆದು ತರಬೇಕು. ಫೋಟೋ ಅಂಟಿಸಬಾರದು. ಉಮ್ಮನಲ್ಲಿ, ಮಾವಂದಿರಲ್ಲಿ, ನೆರೆಮನೆಯವರಲ್ಲಿ ಕೇಳಬೇಕು. ನೆರೆಯವರು ಮುಸ್ಲಿಮರೇ ಆಗಬೇಕೆಂದಿಲ್ಲ, ಕೆಲವೊಮ್ಮೆ ಅವರಿಗೇ ಹೆಚ್ಚು ಗೊತ್ತಿರುತ್ತದೆ. ಹೇಗೆ ನಡೆಯುತ್ತಿದ್ದರು, ಸಿಟ್ಟು ಬಂದಾಗ ಏನು ಮಾಡುತ್ತಿದ್ದರು, ಯಾರಿಗೆ ಗುಟ್ಟಾಗಿ ಅಕ್ಕಿ ಕಳಿಸುತ್ತಿದ್ದರು, ಎದುರಾದವರಿಗೆ ಮೊದಲು ಸಲಾಮ್ ಹೇಳುತ್ತಿದ್ದವರು ಯಾರು. ಹಿರಿಯರೇ, ಮಕ್ಕಳು ಕೇಳಲು ಬಂದಾಗ ಸಮಯವಿಲ್ಲ ಎನ್ನಬೇಡಿ. ಬರುವ ತಿಂಗಳ ಎರಡನೇ ಶುಕ್ರವಾರ ಅಸರ್ ನಮಾಝಿನ ಬಳಿಕ ಅವನ್ನು ಇಲ್ಲಿ ಓದಿಸುತ್ತೇವೆ. ಕಾಗದ, ಪೆನ್ನು ಇಲ್ಲದವರಿಗೆ ಮದ್ರಸದಲ್ಲೇ ಕೊಡುತ್ತಾರೆ.