ನಾಲ್ಕು ರಸ್ತೆ ಕೂಡುವಲ್ಲಿ

(ಮುಂಬಯಿಯಲ್ಲಿ ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)

ಹೋಟೆಲಿನ ಸೋದರರೇ, ಗಿರಣಿಯಲ್ಲಿ ದುಡಿದು ಬಂದ ಹಿರಿಯರೇ,

ರಸ್ತೆ ಕಟ್ಟುವ ವಿಷಯ ನಮಗೇಕೆ ಎಂದು ಕೆಲವರು ಕೇಳಿದಿರಿ. ಮೋಟಾರಿನಲ್ಲಿ ಓಡಾಡುವವರು ನಾವಲ್ಲ, ನಿಜ. ಆದರೆ ನಡೆದು ದಾಟುವವರು ನಾವೇ. ಕಳೆದ ಮಳೆಗಾಲದಲ್ಲಿ, ಹೋಟೆಲು ಮುಚ್ಚಿ ಕೋಣೆಗೆ ಹೊರಟ ನಮ್ಮ ಜೊತೆಗಾರನೊಬ್ಬ ಇಂಥದೊಂದು ಕೂಡುರಸ್ತೆಯಲ್ಲಿ ಗಾಡಿಗೆ ಸಿಕ್ಕಿ ಕಾಲು ಮುರಿದುಕೊಂಡ. ಮೂರು ತಿಂಗಳು ಊರಿಗೆ ಹಣ ಹೋಗಲಿಲ್ಲ.

ನಮ್ಮ ಅಡಿಗೆಮನೆಯ ಬಾಗಿಲನ್ನೇ ನೋಡಿ. ಒಳಗಿನಿಂದ ಬಿಸಿ ಸಾಂಬಾರು ಹಿಡಿದು ಒಬ್ಬ ಬರುತ್ತಾನೆ; ಹೊರಗಿನಿಂದ ಎಂಜಲು ತಟ್ಟೆ ಹೊತ್ತು ಇನ್ನೊಬ್ಬ ನುಗ್ಗುತ್ತಾನೆ. ಒಳಗಿದ್ದವನು ಮೊದಲು ಹೊರಬರಲಿ ಎಂಬ ಕಟ್ಟಳೆಯಿದ್ದರೆ ಕೆಲಸ ಸಾಗುತ್ತದೆ. ಇಲ್ಲವಾದರೆ, ಮಾಲೀಕರು ಗೋಡೆ ಒಡೆಸಿ ಬಾಗಿಲು ಅಗಲ ಮಾಡಿಸಿದರೂ ಸಾಂಬಾರು ನೆಲದ ಪಾಲೇ.

ಸರ್ಕಲ್ಲಿನ ಗುಟ್ಟೂ ಇದೇ. ಮಾಟುಂಗಾದ ಕಿಂಗ್ಸ್ ಸರ್ಕಲನ್ನು ಬಲ್ಲಿರಿ: ನಡುವೆ ದುಂಡು ತೋಟ, ಸುತ್ತ ರಸ್ತೆ. ಹೋಗುವುದಕ್ಕೊಂದು, ಬರುವುದಕ್ಕೊಂದು ಸಾಲಿರುವ ಎರಡು ರಸ್ತೆಗಳು ಅಡ್ಡಹಾಯ್ದರೆ, ಗಾಡಿಗಳ ದಾರಿ ಒಂದಕ್ಕೊಂದು ತಗಲುವ ಜಾಗಗಳು 32 ಎಂದು ಎಂಜಿನಿಯರರ ಲೆಕ್ಕ. ಅಲ್ಲಿಯೇ ಒಂದು ಸಾಲಿನ ಸರ್ಕಲ್ ಮಾಡಿದರೆ 8. ಎಲ್ಲರೂ ಒಂದೇ ದಿಕ್ಕಿಗೆ ಸುತ್ತುವುದರಿಂದ ಈ ಲಾಭ.

ಆದರೂ ಬ್ರಿಟನ್ನಿನ ಸರ್ಕಲ್‌ಗಳು ಕಟ್ಟಿಕೊಳ್ಳುತ್ತಿದ್ದವು. ಹೊಸ ಗಾಡಿಗಳು ನುಗ್ಗಿ ತುಂಬಿಕೊಂಡರೆ ಒಳಗಿದ್ದವು ಹೊರಬೀಳುವುದೆಲ್ಲಿಂದ? 1966ರಲ್ಲಿ ಅಲ್ಲಿ, ಒಳಗೆ ಸುತ್ತುತ್ತಿರುವ ಗಾಡಿಗೇ ಮೊದಲು ದಾರಿ ಎಂಬ ನಿಯಮ ಬಂತು. ಅದಕ್ಕಾಗಿ ದುಡಿದವರಲ್ಲಿ ಫ್ರಾಂಕ್ ಬ್ಲಾಕ್‌ಮೋರ್ ಎಂಬ ಎಂಜಿನಿಯರ್ ಮುಖ್ಯರು. ನಮ್ಮ ದೇಶದ 2017ರ ಚಾಲನಾ ನಿಯಮಗಳಲ್ಲೂ ಹಾಗೆಯೇ ಬರೆದಿದೆ. ಬರೆದಿದೆ, ಅಷ್ಟೇ!

ಗಾಡಿಗಳು ವಿಪರೀತವಾದರೆ ಸರ್ಕಲ್ಲೂ ಸೋಲುತ್ತದೆ. ಆಗ ದೀಪ ಬೇಕು. ಮಗ್ಗದಲ್ಲಿ ಹಾಸು ಬಾಯಿ ತೆರೆದ ಮೇಲಲ್ಲವೇ ಲಾಳಿ ಹಾಯುವುದು? ಹಿರಿಯರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಮೇಲುಸೇತುವೆ ಇನ್ನೊಂದು ಉಪಾಯ. ಕೆಂಪ್ಸ್ ಕಾರ್ನರಿನದು 1965ರಲ್ಲೇ ಆಯಿತು. ಮೋಟಾರು ಮೇಲೆ ಹಾರಿಹೋಯಿತು. ನಡೆಯುವವನು ಕೆಳಗೇ ಉಳಿದ.

ನಡೆಯುವವನಿಗೆ ಬೇಕಾದದ್ದು ಸೇತುವೆಯಷ್ಟು ದುಬಾರಿಯಲ್ಲ. ರಸ್ತೆಯ ಮೂಲೆಯನ್ನು ತೀರ ದುಂಡಗೆ ಸವರಬಾರದು. ಮೂಲೆ ಬಿಗಿಯಾಗಿದ್ದರೆ ತಿರುಗುವ ಗಾಡಿ ವೇಗ ತಗ್ಗಿಸಲೇಬೇಕು, ದಾಟುವ ದೂರವೂ ಕಡಿಮೆ. ರಸ್ತೆಯ ನಡುವೆ ನಿಲ್ಲಲು ಒಂದು ಎತ್ತರದ ಕಟ್ಟೆಯಿದ್ದರೆ ಅರ್ಧ ದಾಟಿ ನಿಂತು, ನೋಡಿ, ಉಳಿದರ್ಧ ದಾಟಬಹುದು. ನಮ್ಮ ಜೊತೆಗಾರ ಬಿದ್ದಲ್ಲಿ ಇವೆರಡೂ ಇಲ್ಲ.

ಮಹಾನಗರಪಾಲಿಕೆಯ ವಾರ್ಡ್ ಕಚೇರಿಗೆ ಸಂಘದಿಂದ ಅರ್ಜಿ ಕೊಡೋಣ. ನೀವು ದಾಟಲು ಹೆದರುವ ರಸ್ತೆ ಯಾವುದು, ಎಷ್ಟು ಗಂಟೆಗೆ ಎಂದು ಚೀಟಿಯಲ್ಲಿ ಬರೆದು ಬರುವ ಭಾನುವಾರದೊಳಗೆ ಕಾರ್ಯದರ್ಶಿಗಳ ಕೈಗೆ ಕೊಡಿ. ಬರೆಯಲು ಬಾರದವರು ಬಾಯಲ್ಲಿ ಹೇಳಿ, ನಾನು ಬರೆದುಕೊಳ್ಳುತ್ತೇನೆ.